ಹಳೆ ಡಾಟ್ ಮ್ಯಾಟ್ರಿಕ್ಸಿಗೆ ಹೊಸ ಕಂಪ್ಯೂಟರ್: ಪೋರ್ಟ್ ಕಾರ್ಡೋ, ಯುಎಸ್‌ಬಿ ಕೇಬಲ್ಲೋ?

ಕಾಫಿ ಕ್ಯೂರಿಂಗಿನ ತೂಕದ ಚೀಟಿ, ಎಸ್ಟೇಟ್ ಆಫೀಸಿನ ಬಟವಾಡೆ ಪಟ್ಟಿ, ಮಂಡಿಯ ಮೂರು ಪ್ರತಿಯ ಬಿಲ್ಲು. ಚಿಕ್ಕಮಗಳೂರಿನ ಕಡೆ ಇವಕ್ಕೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ಸರಿ. ಕಾರ್ಬನ್ ಪ್ರತಿ ಮೂಡಬೇಕಾದರೆ ಸೂಜಿ ಕುಟ್ಟಲೇಬೇಕು, ಲೇಸರಿನಿಂದ ಆಗದು. ಪ್ರಿಂಟರ್ ಗಟ್ಟಿಮುಟ್ಟಾಗಿರುತ್ತದೆ, ಆದರೆ ಹೊಸ ಕಂಪ್ಯೂಟರಿನ ಹಿಂಬದಿಯಲ್ಲಿ ಅದರ 25 ಪಿನ್ನಿನ ಕೇಬಲ್ಲಿಗೆ ಜಾಗವೇ, ಅಂದರೆ ಪ್ಯಾರಲಲ್ ಪೋರ್ಟೇ (ಎಲ್‌ಪಿಟಿ) ಇರುವುದಿಲ್ಲ.

ದಾರಿ ಮೂರು: ಮದರ್‌ಬೋರ್ಡಿನಲ್ಲೇ ಇರುವ ಹೆಡರ್ (ಕೇಬಲ್ ಸಿಕ್ಕಿಸುವ ಪಿನ್ನುಗಳ ಗುಂಪು), ಒಳಗೆ ಹಾಕುವ ಪೋರ್ಟ್ ಕಾರ್ಡು, ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್. ಒಂದೇ ಪ್ರಿಂಟರಿಗೆ ಈ ಮೂರನ್ನೂ ಹಾಕಿ ನೋಡಿದ್ದೇವೆ. ಯಾವುದು ಒಗ್ಗುತ್ತದೆ ಎಂಬುದು ಪ್ರಿಂಟರಿಗಿಂತ ಹೆಚ್ಚಾಗಿ ಬಿಲ್ ಹಾಕುವ ಸಾಫ್ಟ್‌ವೇರನ್ನು ಅವಲಂಬಿಸಿದೆ.

ಕಾರ್ಡು ಕೊಳ್ಳುವ ಮುನ್ನ ಕ್ಯಾಬಿನೆಟ್ ಬಿಚ್ಚಿ ಮದರ್‌ಬೋರ್ಡ್ ನೋಡಿ. ಅಂಚಿನಲ್ಲಿ "ಎಲ್‌ಪಿಟಿ" ಎಂದು ಅಚ್ಚಾದ, ಎರಡು ಸಾಲಿನ, ಒಂದು ಪಿನ್ ಇಲ್ಲದ ಹೆಡರ್ ಕೆಲವು ಬೋರ್ಡುಗಳಲ್ಲಿ ಇರುತ್ತದೆ. ಅದಕ್ಕೆ ಪಟ್ಟಿ ಕೇಬಲ್ಲಿರುವ ಬ್ರಾಕೆಟ್ ಸಿಕ್ಕಿಸಿ, ಬಯಾಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಪ್ಯಾರಲಲ್ ಪೋರ್ಟ್ ಚಾಲೂ ಮಾಡಿದರೆ ಸಾಕು. ಪಿನ್ನುಗಳ ಕ್ರಮವನ್ನು ಬೋರ್ಡಿನ ಕೈಪಿಡಿಯೊಂದಿಗೆ ತಾಳೆ ನೋಡಿ. ಹಳೆ ಪ್ರೋಗ್ರಾಮುಗಳು ಪೋರ್ಟನ್ನು ಹುಡುಕುವ ಹಳೆಯ ವಿಳಾಸ 378 ಹೆಕ್ಸ್, ಅದರ ಜೊತೆಯ ಸಂಕೇತದ ಗೆರೆ ಐಆರ್‌ಕ್ಯು 7 ಸಿಗುವುದು ಇಲ್ಲೇ. ಪೋರ್ಟಿಗೆ ಡಾಂಗಲ್ (ಸಾಫ್ಟ್‌ವೇರ್ ನಡೆಯಲು ಬೇಕಾದ ಪರವಾನಗಿಯ ಕೀಲಿ) ಸಿಕ್ಕಿಸುವ ಹಳೆ ಲೆಕ್ಕದ ಸಾಫ್ಟ್‌ವೇರ್ ಇದ್ದರೆ ನಮ್ಮ ಮೊದಲ ಆಯ್ಕೆ ಇದೇ.

ಹೆಡರ್ ಇಲ್ಲದಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಕಾರ್ಡು. ಅದನ್ನು ಉದ್ದನೆಯ ಎಕ್ಸ್16 ಸ್ಲಾಟಿನಲ್ಲೂ ಹಾಕಬಹುದು, ಹಳೆ ಪಿಸಿಐ ಸ್ಲಾಟಿನಲ್ಲಿ ಮಾತ್ರ ಕೂರುವುದಿಲ್ಲ. ತೆಳು ಕ್ಯಾಬಿನೆಟ್ಟಾದರೆ ಗಿಡ್ಡ ಬ್ರಾಕೆಟ್ ಕೇಳಿ ಪಡೆಯಿರಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಕಾರ್ಡು ಒತ್ತಿ, ಸ್ಕ್ರೂ ಬಿಗಿಯಿರಿ. ಸ್ಕ್ರೂ ಬಿಡಬಾರದು: ಪ್ಯಾರಲಲ್ ಕೇಬಲ್ ಭಾರ, ಅದರ ಎಳೆತಕ್ಕೆ ಕಾರ್ಡು ಸ್ಲಾಟಿನಲ್ಲಿ ವಾಲುತ್ತದೆ. ಡ್ರೈವರನ್ನು ಕಾರ್ಡಿನ ಚಿಪ್ಪಿನ ಮೇಲಿನ ಸಂಖ್ಯೆ ನೋಡಿ ಆರಿಸಿ. ಡಬ್ಬಿಯ ಮೇಲಿನ ಹೆಸರು ನಂಬಬೇಡಿ, ಒಂದೇ ಡಬ್ಬಿಯಲ್ಲಿ ಬೇರೆ ಬೇರೆ ಚಿಪ್ ಬರುತ್ತದೆ.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ವಿಂಡೋಸ್ ಈ ಕಾರ್ಡಿಗೆ ಹಲವು ಬಾರಿ ಎಲ್‌ಪಿಟಿ3 ಎಂಬ ಹೆಸರು ಕೊಡುತ್ತದೆ, ಬಿಲ್ ಸಾಫ್ಟ್‌ವೇರ್ ಎಲ್‌ಪಿಟಿ1ಕ್ಕೆ ಕಳಿಸುತ್ತಲೇ ಇರುತ್ತದೆ. ಡಿವೈಸ್ ಮ್ಯಾನೇಜರಿನ ಪೋರ್ಟ್ ಸೆಟ್ಟಿಂಗಿನಲ್ಲಿ ಸಂಖ್ಯೆಯನ್ನು ಎಲ್‌ಪಿಟಿ1 ಮಾಡಿ. ಹೆಸರು ಬದಲಾದರೂ ವಿಳಾಸ 378 ಆಗುವುದಿಲ್ಲ. ಆದ್ದರಿಂದ ವಿಳಾಸಕ್ಕೆ ನೇರ ಬರೆಯುವ ಡಾಸ್ ಪ್ರೋಗ್ರಾಮಿಗೆ ಕಾರ್ಡು ಹಾಕಿದರೂ ಕೆಲಸವಾಗದಿರಬಹುದು.

ಯುಎಸ್‌ಬಿ ಕೇಬಲ್ ಅಗ್ಗ, ಲ್ಯಾಪ್‌ಟಾಪಿಗೆ ಇದೊಂದೇ ಸುಲಭದ ದಾರಿ. ವಿಂಡೋಸಿನ ಒಳಗಿಂದ ಮುದ್ರಿಸುವವರಿಗೆ ಚೆನ್ನಾಗಿ ನಡೆಯುತ್ತದೆ. ಆದರೆ ಅದು ಎಲ್‌ಪಿಟಿ ಪೋರ್ಟನ್ನು ಸೃಷ್ಟಿಸುವುದಿಲ್ಲ, ಯುಎಸ್‌ಬಿ001 ಎಂಬ ಪ್ರಿಂಟರ್ ಪೋರ್ಟ್ ಮಾತ್ರ ಬರುತ್ತದೆ. ಎಲ್‌ಪಿಟಿ1 ಕೇಳುವ ಸಾಫ್ಟ್‌ವೇರ್ ಇದ್ದರೆ ಪ್ರಿಂಟರನ್ನು ಶೇರ್ ಮಾಡಿ, ಕಮಾಂಡ್ ಪ್ರಾಂಪ್ಟಿನಲ್ಲಿ "ನೆಟ್ ಯೂಸ್" ಆದೇಶದಿಂದ ಎಲ್‌ಪಿಟಿ1 ಅನ್ನು ಆ ಶೇರಿಗೆ ಜೋಡಿಸಬೇಕು. ಪ್ರತಿಸಲವೂ ಅದೇ ಯುಎಸ್‌ಬಿ ತೂತಿಗೆ ಹಾಕಿ. ತೂತು ಬದಲಾದರೆ "ಕಾಪಿ 1" ಎಂಬ ಇನ್ನೊಂದು ಪ್ರಿಂಟರ್ ಹುಟ್ಟಬಹುದು, ಆಗ ಬಿಲ್ಲುಗಳು ಹಳೆಯದರ ಸಾಲಿನಲ್ಲೇ ಸಿಕ್ಕಿಕೊಳ್ಳುತ್ತವೆ. ಡಾಂಗಲ್ ಇದರ ಮೇಲೆ ನಡೆಯುವುದಿಲ್ಲ.

ವೇಗದ ಆಸೆಯಿಂದ ಕಾರ್ಡು ಕೊಳ್ಳಬೇಡಿ. ತಡವಾಗುವುದು ಹೆಡ್ ಓಡಾಡುವುದರಲ್ಲಿ. ಕನ್ನಡ ಅಕ್ಷರ ಗ್ರಾಫಿಕ್ಸ್ ಆಗಿ ಹೋಗುವುದರಿಂದ ಮೂರರಲ್ಲೂ ನಿಧಾನವೇ. ಬರೀ ಇಂಗ್ಲಿಷ್ ಅಂಕಿ ಅಕ್ಷರದ ಬಿಲ್ಲಾದರೆ "ಜೆನೆರಿಕ್ ಟೆಕ್ಸ್ಟ್ ಓನ್ಲಿ" ಡ್ರೈವರ್ ಹಾಕಿ, ಬಹಳ ಬೇಗ ಆಗುತ್ತದೆ.

ಅಕ್ಷರ ಚೆಲ್ಲಾಪಿಲ್ಲಿ ಬಂದರೆ ಮೊದಲು ಪ್ರಿಂಟರನ್ನು ಒಂಟಿಯಾಗಿ ಪರೀಕ್ಷಿಸಿ. ಎಪ್ಸನ್ ಮಾದರಿಗಳಲ್ಲಿ ಲೈನ್ ಫೀಡ್ ಗುಂಡಿ ಒತ್ತಿ ಹಿಡಿದು ಪವರ್ ಕೊಟ್ಟರೆ ಸೆಲ್ಫ್ ಟೆಸ್ಟ್ ಮುದ್ರಣವಾಗುತ್ತದೆ. ಅದು ಸರಿಯಿದ್ದರೆ ತಪ್ಪು ಕೇಬಲ್ಲಿನದೋ ಡ್ರೈವರಿನದೋ. ಕೇಬಲ್ 2 ಮೀಟರ್ ಮೀರದಿರಲಿ.

ಮಲೆನಾಡಿನ ಮಳೆಗಾಲದಲ್ಲಿ ಕಾರ್ಡಿನ ಬಂಗಾರದ ಬಣ್ಣದ ಅಂಚು ಮಂಕಾಗಿ, ಕಾರ್ಡು ಡಿವೈಸ್ ಮ್ಯಾನೇಜರಿನಿಂದಲೇ ಮಾಯವಾಗುವುದುಂಟು. ಕಾರ್ಡು ತೆಗೆದು ಪೆನ್ಸಿಲ್ ರಬ್ಬರಿನಿಂದ ಅಂಚನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಏಪ್ರಿಲ್‌ನ ಗುಡುಗು ಮಳೆಗೆ ಪ್ರಿಂಟರ್, ಕಂಪ್ಯೂಟರ್ ಎರಡರ ಪ್ಲಗ್ಗನ್ನೂ ಕಿತ್ತಿಡಿ. ಪ್ಯಾರಲಲ್ ಕೇಬಲ್ ಜೋಡಿಸುವಾಗಲೂ ಬಿಚ್ಚುವಾಗಲೂ ಎರಡೂ ಆಫ್ ಇರಬೇಕು.