ಮೆಟಾ ಆಡ್ ಲೈಬ್ರರಿ: ಮಾರಾಟದ ಬರಹ ಕಲಿಯುವವರಿಗೆ ಎಷ್ಟು ಉಪಯೋಗ?

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಈಗ ಓಡುತ್ತಿರುವ ಜಾಹೀರಾತುಗಳನ್ನು ಮೆಟಾ ಕಂಪನಿಯ ಈ ತಾಣದಲ್ಲಿ ಪುಕ್ಕಟೆ ನೋಡಬಹುದು, ಖಾತೆಯೂ ಬೇಡ. ದೇಶ ಭಾರತ, ವಿಭಾಗ ‘ಎಲ್ಲ ಜಾಹೀರಾತು’ ಆರಿಸಿ ‘ಗಾಣದ ಎಣ್ಣೆ’ ಎಂದು ಹುಡುಕಿ. ಪ್ರತಿಯೊಂದರ ಮೇಲೂ ಶುರುವಾದ ದಿನಾಂಕವಿರುತ್ತದೆ. ಮೂರ್ನಾಲ್ಕು ತಿಂಗಳಿಂದ ನಿಲ್ಲದೆ ಓಡುತ್ತಿರುವುದನ್ನು ಹೆಕ್ಕಿ (ಲಾಭ ತರದ ಜಾಹೀರಾತಿಗೆ ಅಷ್ಟು ದಿನ ದುಡ್ಡು ಸುರಿಯುವವರು ಕಡಿಮೆ), ಮೊದಲ ಎರಡು ಸಾಲು ಕೈಯಲ್ಲಿ ಬರೆದುಕೊಳ್ಳಿ. ಫೋನಿನಲ್ಲಿ ‘ಇನ್ನಷ್ಟು’ ಒತ್ತುವ ಮೊದಲು ಕಾಣುವುದು ಹೆಚ್ಚುಕಡಿಮೆ ಅಷ್ಟೇ. ‘ಶುದ್ಧ, ಗುಣಮಟ್ಟದ ಎಣ್ಣೆ’ ಎಂದವರು ಅಲ್ಲೇ ಸೋತರು. ‘ಲೀಟರಿಗೆ ಎರಡೂವರೆ ಕಿಲೋ ಶೇಂಗಾಬೀಜ ಅರೆದಿದ್ದೇವೆ’ ಎಂದರೆ ಬೆಲೆ ಯಾಕೆ ಜಾಸ್ತಿ ಅನ್ನುವುದಕ್ಕೂ ಉತ್ತರ ಸಿಕ್ಕಂತೆ.

ಕೊರತೆ ದೊಡ್ಡದೇ. ಭಾರತದಲ್ಲಿ ಖರ್ಚು ತೋರಿಸುವುದು ರಾಜಕೀಯ, ಸಾಮಾಜಿಕ ಜಾಹೀರಾತುಗಳಿಗೆ ಮಾತ್ರ. ವ್ಯಾಪಾರ ಎಷ್ಟಾಯಿತೆಂದು ಎಲ್ಲೂ ಕಾಣದು. ದೊಡ್ಡ ಕಂಪನಿಗಳು ನಷ್ಟದಲ್ಲೂ ಓಡಿಸಬಲ್ಲವು, ಹಾಗಾಗಿ ಸಣ್ಣ ಮಾರಾಟಗಾರರದ್ದನ್ನೇ ಓದಿ. ಮತ್ತೆ, ಮಾರಾಟದ ಜಾಹೀರಾತು ನಿಂತರೆ ಇಲ್ಲಿಂದಲೂ ಮಾಯ. ಸ್ಕ್ರೀನ್‌ಶಾಟ್ ತೆಗೆದಿಡಿ.