ಸೀಸ ಅಂತ ಕೊಟ್ಟಿದ್ದು ಸೀಸವೇ ಅಲ್ಲ: ವಿಮಾನ ಕಟ್ಟುತ್ತಿರೋರು ದಯವಿಟ್ಟು ಓದಿ

ಸಿಟ್ಟು ಇನ್ನೂ ಇಳಿದಿಲ್ಲ. ಬರೆಯೋಕೆ ನಾಚಿಕೆನೂ ಆಗ್ತಿದೆ. ಆದರೂ ಬರೀತಿದೀನಿ, ಯಾಕಂದ್ರೆ ಅಮೆರಿಕದಲ್ಲಿ ಗ್ಯಾರೇಜಲ್ಲೇ ವಿಮಾನ ಕಟ್ಟುತ್ತಿರೋ ನಮ್ಮವರು ಮೂರ್ನಾಲ್ಕು ಜನ ನನಗೇ ಗೊತ್ತು. ನನಗೆ ಸೀಸ ಅಂತ ಕಲಬೆರಕೆ ಮಾರಿದ ಮನುಷ್ಯನೇ ಅವರಿಗೂ ಮಾರ್ತಾನೆ.

ಎಲಿವೇಟರ್‌ಗೆ, ಅಂದ್ರೆ ವಿಮಾನದ ಬಾಲದಲ್ಲಿ ಕೀಲಿನ ಮೇಲೆ ಮೇಲೆ-ಕೆಳಗೆ ಆಡೋ ರೆಕ್ಕೆಗೆ, ಹಾಕೋ ಸೀಸದ ತೂಕದ ಕಥೆ ಇದು. ಕೀಲಿನ ಹಿಂದಿರೋ ತಗಡಿನ ಭಾರಕ್ಕೆ ಸರಿಸಮ ಆಗೋ ಹಾಗೆ ಮುಂದೆ ಸೀಸ ಕೂರಿಸ್ತೀವಲ್ಲ, ಅದು. ಹಿಂಭಾರ ಉಳಿದ್ರೆ ವೇಗದಲ್ಲಿ ಫ್ಲಟರ್, ಅಂದ್ರೆ ತಾನೇ ತಾನಾಗಿ ಹೆಚ್ಚೋ ಅದುರಾಟ, ಶುರುವಾಗತ್ತೆ, ಬಾಲ ಕಿತ್ತುಹೋಗೋಕೆ ಕೆಲವು ಸೆಕೆಂಡ್ ಸಾಕು. ಇಂಥದ್ದರಲ್ಲಿ ಮೋಸ ಮಾಡಿದಾನೆ.

ಜುಲೈಯಲ್ಲಿ ಆಶ್‌ಕಾಶ್ ಊರಿನ ವಿಮಾನ ಮೇಳಕ್ಕೆ ಹೋದಾಗ ಪರಿಚಯ ಆದೋನು. "ಶುದ್ಧ ಸೀಸ, ಡ್ರಾಯಿಂಗ್ ಪ್ರಕಾರ ಎರಕ, ನೀವು ಸೀಸ ಕರಗಿಸಿ ಹೊಗೆ ಯಾಕೆ ಕುಡೀತೀರಾ" ಅಂದ. ಒಂದೊಂದೂ ಮೂರೂವರೆ ಪೌಂಡ್, ಅಂದ್ರೆ ಸುಮಾರು 1590 ಗ್ರಾಂ ಇರಬೇಕು. ಮೇಲೆ ಬೂದು ಬಣ್ಣದ ಎಪಾಕ್ಸಿ ಬಳಿದು ನೀಟಾಗಿ ಕಳಿಸಿದ. ಸೀಸ ಕೈಗೆ ತಾಗದೆ ಇರಲಿ ಅಂತ ಬಳಿದಿದಾನೆ ಅಂದ್ಕೊಂಡೆ. ತೂಗಲಿಲ್ಲ. ಅಡುಗೆಮನೆ ತಕ್ಕಡಿ ಹತ್ತು ಹೆಜ್ಜೆ ದೂರದಲ್ಲಿತ್ತು, ತೂಗಲಿಲ್ಲ! ಬೋಲ್ಟ್ ಹಾಕಿ, ತಗಡು ಮುಚ್ಚಿ, ರಿವೆಟ್ ಹೊಡೆದು, ಪೇಂಟೂ ಮಾಡಿಬಿಟ್ಟೆ.

ಬ್ಯಾಲೆನ್ಸ್ ನೋಡೋದು ಪೇಂಟ್ ಆದಮೇಲೇ ಅಲ್ವಾ. ಕೀಲುಗಳನ್ನ ಎರಡು ಸ್ಟ್ಯಾಂಡ್ ಮೇಲಿಟ್ಟು ಕೈ ಬಿಟ್ಟೆ. ಹಿಂದಿನ ಅಂಚು ಟಪ್ ಅಂತ ಕೆಳಗೆ ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಐದಾರು ಸಲ ಎತ್ತಿರಬೇಕು. ನಾನೇ ಎಲ್ಲೋ ಅಳತೆ ತಪ್ಪಿದೀನಿ ಅಂತ ರಾತ್ರಿ ಎರಡರ ತನಕ ಡ್ರಾಯಿಂಗ್ ಹರಡ್ಕೊಂಡು ಕೂತೆ.

ಬೆಳಿಗ್ಗೆ ಬಿಚ್ಚಿ ತೂಗಿದೆ. ಒಂದು 1340, ಇನ್ನೊಂದು 1310. ನೀರಲ್ಲಿ ಮುಳುಗಿಸಿದ್ರೆ 140 ಮಿಲಿ ಮೇಲೇರಿತು, ಅಂದ್ರೆ ಗಾತ್ರ ಸರಿಯಾಗೇ ಇದೆ. ಶುದ್ಧ ಸೀಸ ಆಗಿದ್ರೆ ಒಂದು ಮಿಲಿಗೆ 11.3 ಗ್ರಾಂ ಬರಬೇಕಾದ್ದು 9.6 ಕೂಡ ಬರ್ತಿಲ್ಲ.

ಅಪ್ಪ ಹೊನ್ನಾವರದಿಂದ ಬಂದಿದಾರೆ. ಬಲೆಗೆ ಕಟ್ಟೋ ಸೀಸದ ಗುಂಡು ಎರಕ ಹೊಯ್ದು ಬೆಳೆದೋರು. ಎಪಾಕ್ಸಿ ಕೆರೆದು ಉಗುರಲ್ಲಿ ಗೀರಿದ್ರು, ಗೆರೆ ಬೀಳಲಿಲ್ಲ. "ಇದು ಸೀಸ ಅಲ್ಲ ಮಗ, ಎಂತದೋ ಕಲಬೆರಕೆ" ಅಂದ್ರು. ಹ್ಯಾಕ್ಸಾದಲ್ಲಿ ಕೊಯ್ದೆ. ಒಳಗೆ ಸೆಟ್ ದೋಸೆ ಥರ ತೂತು ತೂತು, ಕಪ್ಪು ಕಸ, ನಡುವೆ ಕಾರಿನ ಚಕ್ರದ ಬ್ಯಾಲೆನ್ಸಿಗೆ ಸಿಕ್ಕಿಸೋ ತೂಕದ ಉಕ್ಕಿನ ಕ್ಲಿಪ್ಪು ಹಾಗೇ ಇದೆ! ಗುಜರಿ ಸುರಿದು, ಕಸನೂ ತೆಗೀದೆ ಹೊಯ್ದಿದಾನೆ.

ಅವನ ಉತ್ತರ ಕೇಳಿ. ಮೊದಲು, "ನಿಮ್ಮ ಪೇಂಟ್ ದಪ್ಪ ಆಗಿದೆ." ಬಣ್ಣ ದಪ್ಪ ಆದ್ರೆ ಬಿಚ್ಚಿ ತೂಗಿದ ಸೀಸ ಹೇಗೆ ಹಗುರಾಗತ್ತೆ? ಆಮೇಲೆ, "ನಿಮ್ಮ ತಕ್ಕಡಿ ಸರಿಯಿಲ್ಲ." ಪೋಸ್ಟ್ ಆಫೀಸಲ್ಲಿ ತೂಗಿಸಿ ರಸೀದಿ ಕಳಿಸಿದೆ. "ಪಕ್ಕಕ್ಕೆ ಸ್ವಲ್ಪ ಸೀಸ ಅಂಟಿಸಿ, ಉಳಿದೋರೆಲ್ಲ ಹಾರಿಸ್ತಾ ಇದಾರೆ" ಅಂದ. ಅಂಟಿಸಬೇಕಂತೆ! ಕೊಯ್ದ ತುಂಡಿನ ಫೋಟೊ ಕಳಿಸಿದ ಮೇಲೆ ಬಂದ ಕೊನೇ ಉತ್ತರ: "ವಿಮಾನದ ಮೇಲೆ ಎಕ್ಸ್‌ಪೆರಿಮೆಂಟಲ್ ಅಂತ ನೀವೇ ಬರೆದಿರ್ತೀರಲ್ಲ. ಕಟ್ಟಿದೋನೇ ಜವಾಬ್ದಾರ." ಆಮೇಲೆ ನಂಬರ್ ಬ್ಲಾಕ್.

ಆ ಮಾತು ಚುಚ್ಚತ್ತೆ, ಯಾಕಂದ್ರೆ ಅರ್ಧ ನಿಜ. ಎಕ್ಸ್‌ಪೆರಿಮೆಂಟಲ್ (ಪ್ರಾಯೋಗಿಕ) ಅಂತ ಬರೆದಿರೋ, ಮನೇಲಿ ಕಟ್ಟಿದ ನಮ್ಮ ವಿಮಾನಕ್ಕೆ ಬರೋ ಬಿಡಿಭಾಗಕ್ಕೆ ಯಾರ ಮೊಹರೂ ಬೇಕಿಲ್ಲ. ಅದನ್ನ ನೆಚ್ಕೊಂಡೇ ಗುಜರಿ ಮಾರ್ತಿದಾನೆ.

140 ಡಾಲರ್ ಹೋಯ್ತು. ಪೇಪ್ಯಾಲಲ್ಲಿ 'ಸ್ನೇಹಿತರಿಗೆ' ಅಂತ ಕಳಿಸಿ ಅಂದಿದ್ದ, ಹಾಗೇ ಕಳಿಸಿದ್ದೆ. ಹಾಗೆ ಕಳಿಸಿದ್ದಕ್ಕೆ ಖರೀದಿ ರಕ್ಷಣೆ ಇಲ್ಲ. ಯಾರಾದ್ರೂ ಹಾಗೆ ಕೇಳಿದ್ರೆ ಅಲ್ಲಿಗೇ ಬಿಡಿ. ಬಣ್ಣ ಬಳಿದ ಸೀಸ ತಗೋಬೇಡಿ. ಬಂದ ದಿನಾನೇ ತೂಗಿ, ನೀರಲ್ಲಿ ಮುಳುಗಿಸಿ ನೋಡಿ, ತೂಗದೆ ರಿವೆಟ್ ಮುಟ್ಟಬೇಡಿ.

ಕೊನೆಗೆ ನಾವೇ ಎರಕ ಹೊಯ್ದೆವು. ಹಳೇ ಸೀಸದ ಹಾಳೆ ತಂದು, ಮಾಸ್ಕ್ ಹಾಕ್ಕೊಂಡು, ಅಂಗಳದಲ್ಲಿ. ಸೀಸ 327 ಡಿಗ್ರಿಗೆ ಕರಗತ್ತೆ, ಅದೇನೂ ಕಷ್ಟ ಅಲ್ಲ. ಹೆದರಬೇಕಾದ್ದು ನೀರಿಗೆ. ಅಚ್ಚಲ್ಲಿ ಒಂದು ಹನಿ ಇದ್ರೂ ಅದು ಆವಿಯಾಗಿ ಕರಗಿದ ಸೀಸ ಮುಖಕ್ಕೆ ಸಿಡಿಯತ್ತೆ. ಅಪ್ಪ ಅಚ್ಚನ್ನ ಎರಡು ಸಲ ಕಾಯಿಸಿದ ಮೇಲೇ ಹೊಯ್ಯೋಕೆ ಬಿಟ್ಟಿದ್ದು. ಬೇಕಂತಲೇ ತುಸು ಭಾರ ಮಾಡಿ, ಆಮೇಲೆ ಡ್ರಿಲ್ ಹಾಕಿ ಚೂರುಚೂರೇ ತೆಗೆದ್ವಿ.

ರಿವೆಟ್ ಕಿತ್ತ ಜಾಗಕ್ಕೆ ಇನ್ನೂ ಪೇಂಟ್ ಆಗಿಲ್ಲ, ಆದಮೇಲೆ ಇನ್ನೊಂದ್ಸಲ ಬ್ಯಾಲೆನ್ಸ್ ನೋಡಬೇಕು. ಕೊಯ್ದ ತುಂಡು ಬೆಂಚ್ ಮೇಲೇ ಇದೆ, ಕ್ಲಿಪ್ಪಿನ ಸಮೇತ. ಆಶ್‌ಕಾಶಲ್ಲಿ ಯಾರಾದ್ರೂ ಬೂದು ಬಣ್ಣದ ತೂಕ ತಗೊಂಡಿದ್ರೆ ಫೋಟೊ ಕೇಳಿ, ಈಗಲೇ ಕಳಿಸ್ತೀನಿ. ಹಾರಿಸೋ ಮುಂಚೆ ಕೇಳಿ.