ಒಂದೇ ನಂಬರ್, ಎರಡು ಹುಟ್ಟಿದ ವರ್ಷ: ಮೂರು ಹಳೇ ಆರ್ಚ್‌ಟಾಪ್ ಗಿಟಾರ್‌ಗಳ ಹೋಲಿಕೆ

ಹಲ್ಲಿನ ಡಾಕ್ಟರ್ ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿ, ಪೆನ್ ಟಾರ್ಚ್, ವರ್ನಿಯರ್ ಕ್ಯಾಲಿಪರ್. ಹಳೇ ಗಿಟಾರ್ ನೋಡಲು ಹೊರಟರೆ ಈ ಮೂರೂ ನನ್ನ ಬ್ಯಾಗಿನಲ್ಲಿರುತ್ತವೆ. ಹೆಂಡತಿ ನಗುತ್ತಾಳೆ. ನಗಲಿ. ಈ ಬೇಸಿಗೆಯಲ್ಲಿ ಇವುಗಳಿಂದಲೇ ನನ್ನ ಜೇಬು ಉಳಿಯಿತು.

ನಾನಿರುವುದು ಶಿಕಾಗೊ ಹತ್ತಿರ. ಹುಡುಕುತ್ತಿದ್ದದ್ದು ಹಳೇ ಎಲೆಕ್ಟ್ರಿಕ್ ಆರ್ಚ್‌ಟಾಪ್. ಪಿಟೀಲಿನ ಹಾಗೆ ಹೊಟ್ಟೆ ಉಬ್ಬಿ, ಎರಡೂ ಕಡೆ ಎಫ್ ಆಕಾರದ ಕಂಡಿ ಇರುತ್ತದಲ್ಲ, ಆ ಗಿಟಾರ್. ಮೂರು ಸಿಕ್ಕವು. ಅಂಗಡಿಯೊಂದರಲ್ಲಿ ‘1963’ ಅಂತ ಚೀಟಿ ಕಟ್ಟಿದ್ದ, ಅಮೆರಿಕದ ಹೆಸರಾಂತ ಕಂಪನಿ ಗಿಬ್ಸನ್‌ನ ಇಎಸ್-125ಟಿಸಿ, 3,200 ಡಾಲರ್. ಪರಿಚಯದವರ ಅಟ್ಟದಿಂದ ಇಳಿದ ಹಾರ್ಮನಿ ರಾಕೆಟ್, 750. ವಯಸ್ಸಾದ ಜಾಝ್ ವಾದಕರೊಬ್ಬರು ಮಾರಲಿಟ್ಟಿದ್ದ ಇಬಾನೆಜ್ 2355, 1,400. ಮೂರನ್ನೂ ಒಂದಾದ ಮೇಲೊಂದು ಮನೆಗೆ ತಂದು, ಒಂದೇ ಆಂಪ್ಲಿಫೈಯರ್‌ಗೆ ಸಿಕ್ಕಿಸಿ, ಎರಡೆರಡು ದಿನ ನುಡಿಸಿದೆ. ಅಂಗಡಿಯವರು ಪೂರ್ತಿ ಹಣ ಇಟ್ಟುಕೊಂಡೇ ಗಿಟಾರ್ ಕೊಟ್ಟರು. ಅದು ನ್ಯಾಯವೇ ಬಿಡಿ.

ಮೊದಲು ಗಿಬ್ಸನ್. ಮೈಸೂರಿನಲ್ಲಿ ನಾನು ಕಲಿತದ್ದು ಕೊಲ್ಕತ್ತಾದಲ್ಲಿ ಮಾಡುವ ಗಿವ್ಸನ್ ಗಿಟಾರ್ ಮೇಲೆ. ‘ವ’ ಹೋಗಿ ‘ಬ’ ಬಂದ ಗಿಟಾರ್ ತೊಡೆ ಮೇಲೆ ಕೂತಾಗ ಬುದ್ಧಿ ಸ್ವಲ್ಪ ಮಂಕಾಗುವುದು ಸಹಜ ಅಲ್ವಾ? ಅದಕ್ಕೇ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಮೊದಲು ಅಳತೆ, ಆಮೇಲೆ ನುಡಿಸುವುದು.

ಗಿಟಾರಿನ ತಲೆಯ, ಅಂದರೆ ಬಿರಡೆಗಳಿರುವ ತುದಿಯ, ಹಿಂಭಾಗದಲ್ಲಿ ಆರಂಕಿಯ ನಂಬರ್ ಒತ್ತಿದ್ದರು. ಯಾವ ನಂಬರ್ ಯಾವ ವರ್ಷದ್ದು ಅನ್ನುವ ಪಟ್ಟಿ ತೆಗೆದು ನೋಡಿದರೆ ಅದು 1963ಕ್ಕೂ ಬರುತ್ತದೆ, 1967ಕ್ಕೂ ಬರುತ್ತದೆ. ಇದರಲ್ಲಿ ಅಂಗಡಿಯವರ ಕೈವಾಡವೇನೂ ಇಲ್ಲ. 1961ರಿಂದ 1970ರವರೆಗೆ ಮಿಷಿಗನ್ ರಾಜ್ಯದ ಕಲಮಜೂ ಊರಿನ ಕಾರ್ಖಾನೆಯಲ್ಲಿ ಗಿಬ್ಸನ್‌ನವರು ಒಮ್ಮೆ ಹೊಡೆದ ನಂಬರ್‌ಗಳನ್ನೇ ಮತ್ತೆ ಹೊಡೆದಿದ್ದಾರೆ. ಐವತ್ತರ ದಶಕದ್ದಾಗಿದ್ದರೆ ಕೆಲಸ ಸುಲಭ. 1952ರಿಂದ 1961ರವರೆಗೆ ಹೊಟ್ಟೆಯೊಳಗೆ ಆರ್ಡರ್ ನಂಬರಿನ ಜೊತೆ ಒಂದು ಅಕ್ಷರ ಇರುತ್ತದೆ. ಝಡ್ ಅಂದರೆ 1952, ವೈ ಅಂದರೆ 1953, ಹೀಗೆ ಹಿಂದಕ್ಕೆ ಬರುತ್ತಾ ಕ್ಯೂ ಅಂದರೆ 1961. ಅರವತ್ತರ ದಶಕದವಕ್ಕೆ ಆ ಭಾಗ್ಯವಿಲ್ಲ.

ಸರಿ, ವರ್ನಿಯರ್ ತೆಗೆದೆ. ಬಿರಡೆಗಳಿಂದ ಬಂದ ತಂತಿಗಳು ಹಾಯುವ ಆ ಸಣ್ಣ ಬಿಳಿ ಪಟ್ಟಿಗೆ ನಟ್ ಅನ್ನುತ್ತಾರೆ. ಅದರ ಅಗಲ 39.7 ಮಿ.ಮೀ. ಬಂತು. 1963ರದ್ದಾಗಿದ್ದರೆ 43ರ ಹತ್ತಿರ ಇರಬೇಕಿತ್ತು. 1965ರಲ್ಲಿ ಕಂಪನಿ ಕತ್ತನ್ನು ಸಪೂರ ಮಾಡಿತು. ಮೂರು ಮಿಲಿಮೀಟರ್ ಏನು ಮಹಾ ಅನ್ನಬೇಡಿ. ನನ್ನ ದಪ್ಪ ಬೆರಳು, ಹಲವು ತಂತಿ ಒಟ್ಟಿಗೆ ಒತ್ತಿ ಕಾರ್ಡ್ ಹಿಡಿದಾಗಲೆಲ್ಲ, ಪಕ್ಕದ ತಂತಿಗೆ ತಾಗುತ್ತಿತ್ತು. ಬಾಲದಲ್ಲಿ ತಂತಿ ಕಟ್ಟುವ ಲೋಹದ ಭಾಗವೂ ಬೇರೆಯೇ ಕಥೆ ಹೇಳಿತು. ನಿಕ್ಕಲ್ ವಯಸ್ಸಾದಂತೆ ಮಬ್ಬಾಗಿ ಹಳದಿಗೆ ತಿರುಗುತ್ತದೆ. ಇದು ತೆಳು ನೀಲಿಯಲ್ಲಿ ಥಳಥಳ ಅನ್ನುತ್ತಿತ್ತು, ಕ್ರೋಮ್. ಗಿಬ್ಸನ್ ನಿಕ್ಕಲ್ ಬಿಟ್ಟು ಕ್ರೋಮ್‌ಗೆ ಬಂದದ್ದೂ 1965ರ ಸುಮಾರಿಗೆ.

ಇನ್ನು ಉಳಿದದ್ದು ಒಳಗಿನ ಸಾಕ್ಷಿ. ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿರುವ ಪಾಟ್‌ಗಳ ಮೈಮೇಲೆ ಒಂದು ಕೋಡ್ ಇರುತ್ತದೆ. ಕನ್ನಡಿಯನ್ನು ಎಫ್ ಕಂಡಿಯಲ್ಲಿ ತೂರಿಸಿ, ಟಾರ್ಚ್ ಬಿಟ್ಟು, ಉಸಿರು ಬಿಗಿಹಿಡಿದು ನೋಡಿದೆ. ಅಂಕಿಗಳೆಲ್ಲ ಉಲ್ಟಾ. ಫೋಟೊ ತೆಗೆದು, ತಿರುಗಿಸಿ ಓದಿದೆ: 1376633. 137 ಅಂದರೆ ಸಿಟಿಎಸ್ ಕಂಪನಿ. 66 ವರ್ಷ, 33 ಆ ವರ್ಷದ ವಾರ. ಅಲ್ಲಿಗೆ 1966ರ ಆಗಸ್ಟ್. ಇನ್ನೊಂದು ಪಾಟ್‌ನ ಕೊನೆಯ ಅಂಕಿ ಸೋಲ್ಡರ್ ಕೆಳಗೆ ಮುಚ್ಚಿಹೋಗಿತ್ತು, 66 ಮಾತ್ರ ಸ್ಪಷ್ಟ ಇತ್ತು. ಆ ಸೋಲ್ಡರ್ ಮಂಕಾಗಿ ಧೂಳು ಹಿಡಿದಿತ್ತು, ಯಾರೂ ಮುಟ್ಟಿದ ಗುರುತಿಲ್ಲ. ನೋಡಬೇಕಾದದ್ದೇ ಅದು. ಸೋಲ್ಡರ್ ಹೊಸದಾಗಿ ಹೊಳೆಯುತ್ತಿದ್ದರೆ ಪಾಟ್ ಬದಲಾಗಿರಬಹುದು, ಆಗ ಕೋಡ್ ಓದಿ ಪ್ರಯೋಜನವಿಲ್ಲ. ಪಾಟ್ ಹೇಳುವುದೂ ‘ಇದಕ್ಕಿಂತ ಹಿಂದಿನದ್ದಲ್ಲ’ ಅನ್ನುವಷ್ಟನ್ನೇ. ಕಾರ್ಖಾನೆಯ ಡಬ್ಬದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪಾಟ್ ಆಮೇಲೆ ಗಿಟಾರ್ ಸೇರಿರಬಹುದು. ನಂಬರ್, ನಟ್, ಪಾಟ್ ಮೂರನ್ನೂ ಪಕ್ಕಪಕ್ಕ ಇಟ್ಟರೆ 1967 ಅನ್ನದೆ ಬೇರೆ ದಾರಿಯಿಲ್ಲ.

ಕತ್ತಲೆ ಕೋಣೆಯಲ್ಲಿ ಯುವಿ ಲೈಟನ್ನೂ ಬಿಟ್ಟು ನೋಡಿದೆ. ಮರಕ್ಕೆ ಬಳಿದ ಹಳೇ ಲ್ಯಾಕರ್ ಮೆರುಗು ಹಸಿರು ಮಿಶ್ರಿತ ಹಳದಿಯಲ್ಲಿ ಮಿನುಗುತ್ತದೆ. ಆಮೇಲೆ ಹೊಡೆದ ಬಣ್ಣ ಕಪ್ಪು ತೇಪೆಯ ಹಾಗೆ ಕಾಣುತ್ತದೆ. ಕತ್ತಿನ ಹಿಂದೆ ತೇಪೆ ಇರಲಿಲ್ಲ. ತಲೆ ಮುರಿದು ಅಂಟಿಸಿದ್ದರೆ, ಇಲ್ಲವೇ ಇಡೀ ಮೈಗೆ ಹೊಸ ಬಣ್ಣ ಬಿದ್ದಿದ್ದರೆ, ಬೆಲೆ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಆ ಮಟ್ಟಿಗೆ ಇದು ಚೊಕ್ಕ. ನಾದ? ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು. ತಂತಿಯ ಕಂಪನ ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುವ ಪಿಕಪ್ ಒಂದೇ ಒಂದು, ಪಿ-90 ಅನ್ನುವ ಬಗೆಯದು. ಮೆಲ್ಲಗೆ ಮೀಟಿದರೆ ದುಂಡಗೆ, ಬಿಗಿಯಾಗಿ ಮೀಟಿದರೆ ಸ್ವಲ್ಪ ಗೊರಗೊರ. ಮೂರರಲ್ಲಿ ಇದರ ದನಿಯೇ ಮೊದಲು.

ಹಾರ್ಮನಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಿಕಾಗೊದಲ್ಲೇ ಹುಟ್ಟಿದ್ದು, ಬಡವರ ಗಿಟಾರ್. ಆದರೆ ಇದರಷ್ಟು ನೇರವಾಗಿ ವಯಸ್ಸು ಹೇಳುವ ಗಿಟಾರ್ ಇನ್ನೊಂದಿಲ್ಲ. ಕಂಡಿಯಲ್ಲಿ ಇಣುಕಿದರೆ ಸಾಕು, ಮರದ ಮೇಲೆ ಶಾಯಿಯಲ್ಲಿ ಎಫ್-64 ಅಂತ ಮುದ್ರೆ. 64 ವರ್ಷ. ಎಫ್ ಅಥವಾ ಎಸ್ ಅನ್ನುವುದು ವರ್ಷದ ಯಾವ ಭಾಗ ಅನ್ನುವ ಗುರುತು. ಪಕ್ಕದ ನಂಬರಿನ ಕೊನೆಯಲ್ಲಿ ಎಚ್54, ಅದು ಮಾಡೆಲ್. ಟೊಲೀಡೊ ಊರಿನಲ್ಲಿ ಮಾಡಿದ ಡಿಆರ್ಮಂಡ್ ಪಿಕಪ್‌ಗಳು ಬ್ಲೂಸ್‌ಗೆ ಹೇಳಿ ಮಾಡಿಸಿದಂತಿವೆ. ತೊಂದರೆ ಕತ್ತಿನದು. ಅರವತ್ತು ವರ್ಷ ತಂತಿ ಎಳೆದೂ ಎಳೆದೂ ಕತ್ತು ಮುಂದಕ್ಕೆ ಬಾಗಿದೆ. ಕುದುರೆಯನ್ನು ಪೂರ್ತಿ ಇಳಿಸಿದರೂ ಬೆರಳುಹಲಗೆಯ ಹನ್ನೆರಡನೇ ಅಡ್ಡಪಟ್ಟಿಯ, ಅಂದರೆ ಫ್ರೆಟ್‌ನಲ್ಲಿ ತಂತಿ ಮೇಲಕ್ಕೇ ನಿಂತಿತ್ತು. ಕತ್ತು ಬಿಚ್ಚಿ ಕೂರಿಸಲು 450 ಡಾಲರ್ ಅಂದರು ರಿಪೇರಿಯವರು. 750ರ ಗಿಟಾರ್ ಕುಳಿತಲ್ಲೇ 1,200 ಆಯಿತು.

ಇಬಾನೆಜ್ ಜಪಾನಿನದು, ಗಿಬ್ಸನ್ ಇಎಸ್-175ರ ನಕಲು. ಆ ಮೂಲ ಗಿಟಾರ್ 1949ರಲ್ಲಿ ಬಂದಾಗ ಬೆಲೆ 175 ಡಾಲರ್, ಹೆಸರೂ ಅದೇ. ಈಗ ಅದು ನನ್ನಂಥವನ ಕೈಗೆ ಎಟುಕುವುದಿಲ್ಲ. ನಕಲಿನ ನಂಬರ್ ‘ಸಿ76’ ಅಂತ ಶುರುವಾಗುತ್ತದೆ. ಎ ಜನವರಿ, ಬಿ ಫೆಬ್ರವರಿ, ಸಿ ಮಾರ್ಚ್. 1976ರ ಮಾರ್ಚ್. ತಾಳೆ ನೋಡಲು ಗಿಟಾರಿನ ತಲೆ ನೋಡಿದೆ. ತೆರೆದ ಪುಸ್ತಕದ ಹಾಗಿರುವ ಗಿಬ್ಸನ್ ಆಕಾರವೇ. ಆ ಆಕಾರದ ಮೇಲೆ ಗಿಬ್ಸನ್‌ನ ಒಡೆಯರಾಗಿದ್ದ ನಾರ್ಲಿನ್ ಕಂಪನಿ 1977ರಲ್ಲಿ ಕೋರ್ಟಿಗೆ ಹೋಗಿತ್ತು, ಅಷ್ಟರಲ್ಲಿ ಇಬಾನೆಜ್ ತಲೆ ಬದಲಿಸಿಯೂ ಆಗಿತ್ತು. ‘ಸಿ79’ ಅಂತಿದ್ದು ಈ ತಲೆ ಇದ್ದಿದ್ದರೆ ನಾನು ಅನುಮಾನಪಡುತ್ತಿದ್ದೆ. ಒಂದು ಪಿಕಪ್ ಬದಲಾಗಿದೆ ಅಂತ ಆ ಹಿರಿಯರು ಕೇಳುವ ಮೊದಲೇ ಹೇಳಿ, 150 ಇಳಿಸಿದರು. ದನಿ ಗಿಬ್ಸನ್‌ನಷ್ಟು ಬಿಚ್ಚಿಕೊಳ್ಳುವುದಿಲ್ಲ, ಕೊಂಚ ಬೆಣ್ಣೆ ಬಳಿದ ಹಾಗೆ. ಆದರೆ ಕತ್ತು ಅಗಲವಾಗಿದೆ, ನನ್ನ ಬೆರಳಿಗೆ ಜಾಗ ಸಿಕ್ಕಿತು.

ಇನ್ನೊಂದು ಲೆಕ್ಕವೂ ತಲೆಯಲ್ಲಿತ್ತು. ಯಾವತ್ತಾದರೂ ಗಿಟಾರ್ ಹೊತ್ತು ಮೈಸೂರಿಗೆ ಹೋಗುವವನು ನಾನು. ಹಳೇ ಗಿಬ್ಸನ್‌ಗಳ ಬೆರಳುಹಲಗೆ ಬಹುಪಾಲು ಬ್ರೆಜಿಲ್ ರೋಸ್‌ವುಡ್. ಆ ಮರಕ್ಕೆ 1992ರಿಂದ ಅಂತರರಾಷ್ಟ್ರೀಯ ನಿರ್ಬಂಧವಿದೆ, ಕಾಗದಪತ್ರ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ಅರವತ್ತರ ದಶಕದ ಕೊನೆಗೆ ಅಮೆರಿಕದವರು ಭಾರತದ ರೋಸ್‌ವುಡ್‌ಗೆ ಬಂದರು. ಅಂದರೆ ನಮ್ಮ ಮಲೆನಾಡಿನ ಬೀಟೆ. 1967ರ ಗಿಟಾರಿನಲ್ಲಿ ಯಾವುದಿದೆ ಅಂತ ಬರಿಗಣ್ಣಲ್ಲಿ ಹೇಳುವುದು ಕಷ್ಟ. ಕಸ್ಟಮ್ಸ್ ಕೌಂಟರಿನಲ್ಲಿ ನಿಂತು ಅದನ್ನು ವಾದಿಸುವ ಆಸೆ ನನಗಿಲ್ಲ.

ಗಿಬ್ಸನ್‌ಗೆ 2,100 ಕೊಡುತ್ತೇನೆ ಅಂದೆ. ಮಾರುವವರು ಕೇಳುವ ಬೆಲೆ ಬಿಟ್ಟು, 1967ರ ಅಂಥ ಗಿಟಾರ್‌ಗಳು ನಿಜಕ್ಕೂ ಮಾರಾಟವಾದ ಬೆಲೆಗಳನ್ನೇ ನೋಡಿ ಹೇಳಿದ್ದು. ಫೋಟೊ ತೋರಿಸಿದೆ, ನಟ್ ಅಳತೆ ತೋರಿಸಿದೆ. ಅಂಗಡಿಯವರು ತಾಳ್ಮೆಯಿಂದ ಕೇಳಿ, ತಲೆಯಾಡಿಸಿ, ಆಗಲ್ಲ ಅಂದರು. ನಾನು ಇಬಾನೆಜ್ ತಂದೆ.

ಎರಡು ವಾರ ಬಿಟ್ಟು ತಂತಿ ಕೊಳ್ಳಲು ಅದೇ ಅಂಗಡಿಗೆ ಹೋದೆ. ಗಿಬ್ಸನ್ ಅಲ್ಲೇ ನೇತಾಡುತ್ತಿತ್ತು. ಚೀಟಿಯಲ್ಲಿ 1963 ಹೋಗಿ ‘1960ರ ದಶಕ’ ಅಂತಾಗಿತ್ತು. ಬೆಲೆ 3,200.